ಎರಡೂವರೆ ಲೆಕ್ಕ

ಉತ್ತರಪತ್ರಿಕೆ ತಿದ್ದುವ ಕೇಂದ್ರದ ನಲ್ಲಿಯ ಬಳಿ ಮೊನ್ನೆ ಯಾರೋ ಕೆಂಪು ಕಾರ್ಬಾಲಿಕ್ ಸೋಪು ಇಟ್ಟಿದ್ದರು. ಕೈ ತೊಳೆದೆ, ಆ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆ ಕಾಕಾ ಬಂದು ನಿಂತಂತಾಯಿತು. ನಾಗಪುರದ ನಮ್ಮ ಕಾಲೊನಿಯಲ್ಲಿ ಕನ್ನಡದ ಮನೆಗಳು ಎರಡೇ, ನಮ್ಮದು ಮತ್ತು ಅವರದು. ಅವರು ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್. ಪಾಳಿ ಮುಗಿಸಿ ಬಂದು, ಉಗುರಿನ ಸಂದಿಯ ಮಸಿ ಹೋಗುವ ತನಕ ಇದೇ ಸೋಪಿನಿಂದ ಕೈ ಉಜ್ಜಿಕೊಂಡ ಮೇಲೇ ನೋಟ್‌ಬುಕ್ ಮುಟ್ಟುತ್ತಿದ್ದರು...

ನೌಕರಿಯಲ್ಲಿದ್ದುಕೊಂಡೇ ಖಾಸಗಿಯಾಗಿ ಇಂಜಿನಿಯರಿಂಗ್ ಪರೀಕ್ಷೆಗೆ ಕಟ್ಟಿದ್ದರು. ಪಾಸಾದರೆ ಜೂನಿಯರ್ ಇಂಜಿನಿಯರ್ ಆಗಬಹುದಿತ್ತು. ಉಳಿದದ್ದೆಲ್ಲ ಮುಗಿದು ಗಣಿತವೊಂದೇ ಬಾಕಿ. ಆ ವರ್ಷವೂ ಹೋದರೆ ಅವಧಿ ಮುಗಿದು, ಪಾಸಾದ ವಿಷಯಗಳೂ ರದ್ದಾಗುತ್ತಿದ್ದವು.

ಗಣಿತ ಬರುತ್ತಿರಲಿಲ್ಲವೆಂದಲ್ಲ. ಇಂಟಿಗ್ರೇಷನ್ನಿನ ಲೆಕ್ಕ ಕೊಟ್ಟರೆ ಒಂದು ಗಳಿಗೆ ಸೂರು ನೋಡಿ ಉತ್ತರ ಹೇಳಿಬಿಡುತ್ತಿದ್ದರು. ಹಾಳೆಯ ಮೇಲೆ ಬರೀ ಉತ್ತರ. ಹಂತ ಹಂತಕ್ಕೆ ಅಂಕ ಹಾಕುವ ಪರೀಕ್ಷಕ ಅದಕ್ಕೇನು ಕೊಟ್ಟಾನು? ಎರಡು ಸಲ ಹೀಗೇ ಹೋದ ಮೇಲೆ, ಬಿ.ಎಸ್ಸಿ. ಓದುತ್ತಿದ್ದ ನನ್ನ ಹತ್ತಿರ ಬಂದರು.

"ಅಕ್ಕೋರ, ಈ ಸ್ಟೆಪ್ ಬರಿಯೂದೊಂದು ಕಲಿಸಿಬಿಡ್ರಿ," ಎಂದು ನಕ್ಕರು. ಅವರ ಬಾಗಲಕೋಟೆಯ ಕಡೆ ಟೀಚರಮ್ಮನಿಗೆ ಹಾಗನ್ನುತ್ತಾರೆ. ನಲವತ್ತು ದಾಟಿದವರು ಹಾಗೆ ಕರೆದದ್ದಕ್ಕೆ ನನಗೆ ಕೊಂಬು ಮೂಡಿತು.

ಸಬ್‌ಸ್ಟಿಟ್ಯೂಷನ್ನಿನ ಲೆಕ್ಕಗಳಲ್ಲಂತೂ ನಾನು ಅವರನ್ನು ಬಿಡಲೇ ಇಲ್ಲ. ಎಕ್ಸ್ ವರ್ಗಕ್ಕೆ ಒಂದು ಕೂಡಿಸಿದ್ದು ಟಿ ಆಗಿರಲಿ, ಎಂದು ಮೊದಲು ಬರೆಯಬೇಕು. ಆಮೇಲೆ ಡಿಎಕ್ಸ್ ಜಾಗಕ್ಕೆ ಡಿಟಿ ಹೇಗೆ ಬಂತೆಂದು ತೋರಿಸಬೇಕು. ಮಿತಿಗಳು ಬದಲಾಗುವುದನ್ನು ಬೇರೆಯೇ ಸಾಲಿನಲ್ಲಿ ಬರೆಯಬೇಕು: ಎಕ್ಸ್ ಸೊನ್ನೆಯಾದಾಗ ಟಿ ಒಂದು, ಎಕ್ಸ್ ಒಂದಾದಾಗ ಟಿ ಎರಡು. ಒಂದು ಸಾಲು ಹಾರಿಸಿದರೂ ಇಡೀ ಲೆಕ್ಕ ಹೊಡೆದುಹಾಕಿ ಮತ್ತೆ ಬರೆಸುತ್ತಿದ್ದೆ. ಫಿಟ್ಟರ್ ಕೈಯಲ್ಲವೇ, ಮೂರು ತಿಂಗಳಲ್ಲಿ ಸಮಚಿಹ್ನೆಗಳನ್ನು ಸ್ಕೇಲಿಟ್ಟು ಒಂದರ ಕೆಳಗೊಂದು ಕೂರಿಸತೊಡಗಿದರು. ಆ ಹಾಳೆಗಳನ್ನು ಅಮ್ಮನಿಗೆ ತೋರಿಸಿ ಮೆರೆದೆ. ಗಡಿಯಾರ ಎದುರಿಗಿಟ್ಟು ಒಂದು ದಿನವೂ ಬರೆಸಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಪರೀಕ್ಷೆ ಮುಗಿದ ಸಂಜೆ ನಮ್ಮ ಗೇಟಿನ ಹತ್ತಿರ ನಿಂತು, "ಅಕ್ಕೋರ, ಬರ್ದದ್ದೆಲ್ಲಾ ಏಕದಮ್ ಬರೋಬರ್ ಐತಿ. ಒಂದು ಸ್ಟೆಪ್ ಬಿಟ್ಟಿಲ್ಲ," ಎಂದರು.

"ಎಷ್ಟು ಲೆಕ್ಕ ಮಾಡಿದ್ರಿ ಕಾಕಾ?"

"ಎರಡೂವರಿ. ಅಷ್ಟರಾಗ ಗಂಟಿ ಹೊಡದ್ರು... ಇಷ್ಟು ಚಂದ ಬರದ್ರ ಪಾಸ್ ಮಾಡ್ತಾರಲ್ರಿ?"

ಮಾಡಬೇಕಾದದ್ದು ಎಂಟು. ಆದರೂ, "ಮಾಡ್ತಾರೆ ಕಾಕಾ" ಅಂದೆ.

ಮಾಡಲಿಲ್ಲ. ಹಿಂದಿನ ವಿಷಯಗಳೆಲ್ಲ ರದ್ದಾದವು. ಕಾಕಾ ನೋಟ್‌ಬುಕ್ಕುಗಳನ್ನು ರದ್ದಿಯವನಿಗೆ ಹಾಕಿ ಮತ್ತೆ ಪಾಳಿಗೆ ಹೋದರು, ಫಿಟ್ಟರ್ ಆಗಿಯೇ ನಿವೃತ್ತರಾದರು. ಯಾರಾದರೂ ಆ ಮಾತು ತೆಗೆದರೆ, "ಅಕ್ಕೋರು ಬರೋಬರ್ ಕಲಿಸಿದ್ರು, ನನ್ನ ತಲ್ಯಾಗ ಗಣಿತ ಇಲ್ಲ" ಅನ್ನುತ್ತಿದ್ದರು. ನಾನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದೆ. ಮುಂದೆ ಮೊಮ್ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಾಗಲೂ, "ನನಗ ಬರೂದಿಲ್ಲವ್ವಾ, ಅಕ್ಕೋರ ಕಡೆ ಹೋಗು" ಎಂದು ನಮ್ಮ ಮನೆಗೆ ಕಳಿಸಿದರು. ಅವಳಿಗೆ ನಾನು ಹೇಳಿಕೊಟ್ಟೆ. ಅಂದು ನನಗಾದ ನಾಚಿಕೆ ಇವತ್ತಿಗೂ ಇಳಿದಿಲ್ಲ.

ಕಾಕಾ ಹೋಗಿ ಎರಡು ವರ್ಷವಾಯಿತು. ಮೊನ್ನೆ ಕೈ ಒರೆಸಿಕೊಂಡು ಬಂದು ತಿದ್ದಲು ಕೂತೆ, ಮಧ್ಯಾಹ್ನದವರೆಗೆ ಒಂದು ಪತ್ರಿಕೆಯೂ ಮುಗಿಯಲಿಲ್ಲ. ಅವರಿಗೆ ಗಣಿತ ಬರುತ್ತಿತ್ತು, ನನಗಿಂತ ಚೆನ್ನಾಗಿಯೇ ಬರುತ್ತಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ. ನಾನು ಅವರಿಗೆ ಹೇಳಲಿಲ್ಲ.