ಕರಿಹಲಗೆಯ ನಡುವಿನ ಸಾಲು

ಆಗೆಲ್ಲ ನಮ್ಮೂರಿನ ಮಕ್ಕಳು ತಾರೀಖು ನೋಡಿ ಹುಟ್ಟುತ್ತಿರಲಿಲ್ಲ. ಒಬ್ಬ ಹೋಳಿ ಹುಣ್ಣಿಮೆಯ ಮರುದಿನ ಹುಟ್ಟಿದವ, ಒಬ್ಬಳು ಭತ್ತ ಬಿತ್ತುವಾಗ ಹುಟ್ಟಿದವಳು, ಇನ್ನೊಬ್ಬ ಕೆರೆ ಕೋಡಿ ಬಿದ್ದಾಗ ಹುಟ್ಟಿದವ. ಅಷ್ಟು ಹೇಳಿದರೆ ಊರಿಗೆಲ್ಲ ತಿಳಿಯುತ್ತಿತ್ತು. ನಾನು ಕಾರ ಹುಣ್ಣಿಮೆಯವಳು. ಎತ್ತುಗಳ ಕೋಡಿಗೆ ಪೋಣಿಸಿ ಹಾಕಲು ಅವ್ವ ಕೋಡಬಳೆ ಕರಿಯುತ್ತಿದ್ದಾಗ ಹೊಟ್ಟೆನೋವು ಬಂತಂತೆ. ಅರ್ಧ ಹಿಟ್ಟು ಪರಾತದಲ್ಲೇ ಉಳಿಯಿತಂತೆ. "ಆ ವರ್ಷ ಸರ್ಜ್ಯಾನ ಒಂದ ಕೋಡ ಬರೇ ಉಳೀತು ನಿನ್ನಿಂದ" ಎಂದು ನಮ್ಮ ಎತ್ತಿನ ಹೆಸರು ಹಿಡಿದು ಅಪ್ಪ ನನ್ನನ್ನು ಕಾಡುತ್ತಿದ್ದ.

ಇದೆಲ್ಲ ಈಗ ಉಕ್ಕಿ ಬರಲು ಕಾರಣ ಕೇಳಿರಿ. ಈ ಸಲದ ಕಾರ ಹುಣ್ಣಿಮೆಯ ದಿನವೇ, ದಾಂಡೇಲಿಯಲ್ಲಿ, ನನ್ನ ಮಗಳು ಶಾಂತಾಳಿಗೆ ಹೆಣ್ಣು ಕೂಸು ಹುಟ್ಟಿತು! ಮೊದಲ ಮೊಮ್ಮಗಳು! ನಾನು ಕಲಿತದ್ದು ನಾಲ್ಕನೇ ಇಯತ್ತೆ ಅಷ್ಟೇ. ಆದರೂ ಈ ಸಂತೋಷವನ್ನು ಬಾಯಿಂದ ಎಷ್ಟು ಜನಕ್ಕೆ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ಅಳಿಯ ಬಸವರಾಜ ಕುಳಗಿಯಲ್ಲಿ ಸಫಾರಿ ಜೀಪು ಓಡಿಸುತ್ತಾರೆ. ಕೂಸಿನ ಮುಖ ನೋಡಿದವರೇ ಮೊಬೈಲು ತೆಗೆದು ಓದತೊಡಗಿದರು.

"ಅತ್ತಿ, ಕೇಳ್ರಿ ಇಲ್ಲೆ. ಇದ ದಿನಾ ಒಬ್ಬ ದೊಡ್ಡ ಕ್ರಿಕೆಟ್ ಆಡಾವ ಹುಟ್ಯಾನ. ಒಬ್ಬಾಕಿ ಸಿನಿಮಾದಾಕಿ ಹುಟ್ಯಾಳ. ಯಾವದೋ ದೇಶದಾಗ ರಾಜನ್ನ ಕೆಳಗ ಇಳಿಸ್ಯಾರ. ಮ್ಯಾಲೆ ಇವತ್ತ ಎಂಥಾದೋ ಒಂದ ಜಾಗತಿಕ ದಿನಾನೂ ಐತಂತ!"

"ಕಾರ ಹುಣ್ಣಿಮಿ ಬರದಾರೇನ ನೋಡ್ರಿ" ಎಂದೆ.

ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಹುಡುಕಿದರು. "ಇಲ್ರಿ ಅತ್ತಿ."

ನನಗೆ ನಗು ತಡೆಯಲಾಗಲಿಲ್ಲ. ಈ ಜಗಳ ನನಗೆ ಹಳೆಯದು.

ನಮ್ಮೂರು ಹಳಿಯಾಳದ ಕಡೆಯದು. ಎರಡು ಖೋಲಿಯ ಶಾಲೆ, ಮುಂದೊಂದು ಹುಣಸೆಮರ. ಅಕ್ಕೋರು, ಅಂದರೆ ನಮ್ಮ ಟೀಚರು, ಹಳಿಯಾಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರೇ ಪಡಸಾಲೆಯ ಕರಿಹಲಗೆಯ ಮೇಲೆ ಮೂರು ಸಾಲು ಬರೆಯುವರು. ಮೇಲೆ, ಈ ದಿನ ನಡೆದದ್ದು. ನಡುವೆ, ಈ ದಿನ ಹುಟ್ಟಿದವರು. ಕೆಳಗೆ, ಈ ದಿನದ ಆಚರಣೆ. ಪೇಪರಿನಲ್ಲಿ ನೋಡಿಕೊಂಡು ಬಂದಿರುತ್ತಿದ್ದರು. ಎಲ್ಲಿಯದೋ ಯುದ್ಧ ಮುಗಿದದ್ದು, ಯಾರೋ ವಿಜ್ಞಾನಿ ಹುಟ್ಟಿದ್ದು, ಎಲ್ಲವೂ ನಮ್ಮ ಹುಣಸೆಮರದ ಬುಡಕ್ಕೆ ಬಂದು ನಿಲ್ಲುತ್ತಿತ್ತು. ನಡುವಿನ ಸಾಲಿನಲ್ಲಿ ದೊಡ್ಡವರ ಹೆಸರಾದ ಮೇಲೆ ಅಲ್ಪವಿರಾಮ ಹಾಕಿ, ಆ ದಿನ ಹುಟ್ಟಿದ ನಮ್ಮ ಶಾಲೆಯವರಿದ್ದರೆ ಅವರ ಹೆಸರನ್ನೂ ಬರೆಯುತ್ತಿದ್ದರು. ಹೆಸರು ಬಂದವರು ಶಾಲೆ ಬಿಡುವ ಗಂಟೆ ಹೊಡೆಯಬೇಕು.

ಆ ಗಂಟೆಯೆಂದರೆ ರೈಲು ಹಳಿಯ ತುಂಡು. ಕ್ಯಾಸಲ್‌ರಾಕ್ ಕಡೆಯಿಂದ ಬಂದದ್ದು ಎನ್ನುತ್ತಿದ್ದರು. ಕಬ್ಬಿಣದ ಗೂಟದಿಂದ ಬಡಿದರೆ ಹೊಲದಲ್ಲಿದ್ದವರೂ ತಲೆಯೆತ್ತುತ್ತಿದ್ದರು. ನನಗೆ ಆ ಗಂಟೆಯ ಹುಚ್ಚು. ಒಮ್ಮೆ, ಒಂದೇ ಒಮ್ಮೆ, ಅದನ್ನು ನಾನು ಹೊಡೆಯಬೇಕು!

ಅಕ್ಕೋರು ಬಂದ ಮೇಲಿನ ಮೊದಲ ಜೂನ್ ಒಂದಕ್ಕೆ ನನ್ನ ಹೆಸರು ಬರುವುದಿತ್ತು. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ, ಶಾಲೆಗೆ ಹೆಸರು ಹಚ್ಚುವಾಗ, ಹಿಂದಿನ ಮಾಸ್ತರರು ಜೂನ್ ಒಂದು ಎಂದೇ ಬರೆದುಬಿಟ್ಟಿದ್ದರು. ಅವತ್ತು ಓಡಿ ಹೋಗಿ ನೋಡಿದರೆ, ಯಾರೋ ದೊಡ್ಡವರ ಹೆಸರು, ಅಲ್ಪವಿರಾಮ, ಆಮೇಲೆ "ಮತ್ತು ಅರ್ಧ ಶಾಲೆ"!

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಜೆ ಅರ್ಧ ಶಾಲೆಯೇ ಗಂಟೆಗೆ ಮುಗಿಬಿತ್ತು. ದೊಡ್ಡ ಹುಡುಗರು ಗೂಟ ಕಸಿದುಕೊಂಡರು. ನನಗೆ ಮುಟ್ಟಲೂ ಸಿಗಲಿಲ್ಲ. ಅಳುತ್ತ ಅಕ್ಕೋರ ಮುಂದೆ ನಿಂತೆ.

"ನಾ ಇವತ್ತ ಹುಟ್ಟಿಲ್ರಿ ಅಕ್ಕೋರ. ನಾ ಕಾರ ಹುಣ್ಣಿಮ್ಯಾಗ ಹುಟ್ಟೇನಿ."

"ತಾರೀಖ ಯಾವದವಾ?"

"ಹುಣ್ಣಿಮಿರಿ."

"ಹುಣ್ಣಿಮಿ ಒಂದೊಂದ ವರ್ಷ ಒಂದೊಂದ ತಾರೀಖಿಗೆ ಬರತೈತಿ ಗಂಗಿ. ಓಡಾಡೂ ದಿನಾನ ನಾ ಎಲ್ಲೆ ಹಿಡದ ಬರೀಲಿ?"

ಅಷ್ಟು ಸಾಕಾಯಿತು ಹುಡುಗರಿಗೆ. "ಗಂಗಿ ಹುಟ್ಟಿದ ದಿನಕ್ಕ ಮೂಗುದಾರ ಹಾಕ್ರೋ, ಓಡಿ ಹೋಗತೈತಿ!" ಎಂದು ದಾರಿಯುದ್ದಕ್ಕೂ ಕೂಗಿದರು. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. "ಓಡಾಡಿದ್ರ ಓಡಾಡಲಿ ಬಿಡ. ನೀ ಏನ ಒಂದ ಕಡೆ ಕುಂದರತೀಯೇನ?"

ನನ್ನ ದುಃಖ ಅರ್ಥವಾದದ್ದು ಜೈಬುಗೆ. ಎತ್ತುಗಳಿಗೆ ಲಾಳ ಹೊಡೆಯುವ ಹುಸೇನಕಾಕಾನ ಮಗಳು, ನನ್ನ ಜೀವದ ಗೆಳತಿ. ಹುಣಸೆ ಚಿಗುರಿಗೆ ಉಪ್ಪು ಹಚ್ಚಿ ಅಗಿಯುತ್ತ ಬಹಳ ಹೊತ್ತು ವಿಚಾರ ಮಾಡಿದಳು.

"ಅಲ್ಲಲೇ ಗಂಗಿ, ನಮ್ಮ ಈದೂ ಓಡಾಡತೈತಿ. ಚಂದ್ರ ಕಂಡರನ ಈದು. ಅವತ್ತ ಅಕ್ಕೋರು ಕೆಳಗಿನ ಸಾಲಿನ್ಯಾಗ ಬರೀತಾರೋ ಇಲ್ಲೋ? ಚಂದ್ರಗ ತಾರೀಖ ಕೇಳ್ತಾರೇನ?"

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಜೈಬು ನನ್ನನ್ನು ಹಿಂದಿನಿಂದ ಚಿವುಟಿದಳು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟೆ: "ಅಕ್ಕೋರ, ಕೆಳಗಿನ ಸಾಲು ಓಡಾಡತೈತೆಂದ್ರ ನಡುವಿನ ಸಾಲು ಯಾಕ ಓಡಾಡಬಾರದ್ರಿ?"

ಅಕ್ಕೋರು ಸೀಮೆಸುಣ್ಣದ ಖಡು ಹಿಡಿದ ಕೈಯನ್ನು ಸೊಂಟಕ್ಕಿಟ್ಟು ನನ್ನನ್ನು ನೋಡಿದರು. ಸೀರೆಗೆಲ್ಲ ಬಿಳಿ ಹತ್ತಿತು. ಆಮೇಲೆ ನಕ್ಕರು. "ಕಾರ ಹುಣ್ಣಿಮಿ ದಿನಾ ಬಾ. ಬರೀತೇನಿ. ಗಂಟೀನೂ ನೀನ ಹೊಡೀಯಂತಿ."

ಆದರೆ ಕಾರ ಹುಣ್ಣಿಮೆಗೆ ನಮ್ಮೂರಲ್ಲಿ ಶಾಲೆಗೆ ಯಾರು ಹೋಗುತ್ತಾರೆ? ಅವತ್ತು ಮುಂಜಾನೆಯಿಂದ ಊರೆಲ್ಲ ಕೆರೆಯಲ್ಲಿ. ಎತ್ತುಗಳ ಮೈ ತಿಕ್ಕಿ, ಕೋಡು ಹೆರೆದು, ಕೆಂಪು ಹಚ್ಚಿ, ಗೆಜ್ಜೆ ಕಟ್ಟುವ ಗಡಿಬಿಡಿ. ಹಸಿ ಸೆಗಣಿ, ಕಾದ ಎಣ್ಣೆ, ಬಣ್ಣ, ಹೋಳಿಗೆಯ ಹೂರಣ, ನಾಲ್ಕೂ ವಾಸನೆ ಕೂಡಿ ಮನೆ ತುಂಬಿತ್ತು. ಅಕ್ಕೋರು ಮಾತ್ರ ಬಂದಿದ್ದರು, ಖಾಲಿ ಶಾಲೆಯಲ್ಲಿ ಒಬ್ಬರೇ. ಅವ್ವ ನನ್ನನ್ನು ಬಿಟ್ಟರೆ ತಾನೆ? ಕೋಡಬಳೆ ಪೋಣಿಸಲು ಕೂಡಿಸಿದಳು. ಒಂದು ಪೋಣಿಸುತ್ತಿದ್ದೆ, ಶಾಲೆಯ ಕಡೆ ನೋಡುತ್ತಿದ್ದೆ. ಹೊತ್ತು ಇಳಿಯುತ್ತಿತ್ತು. ಸಂಜೆ ಬಸ್ಸಿಗೆ ಅಕ್ಕೋರು ಹೊರಟುಬಿಟ್ಟರೆ, ಮತ್ತೆ ಒಂದು ವರ್ಷ! ಮುಂದಿನ ವರ್ಷ ನಾನು ಆ ಶಾಲೆಯಲ್ಲಿರುತ್ತೇನೋ ಇಲ್ಲವೋ, ಯಾರಿಗೆ ಗೊತ್ತು?

ಅಪ್ಪ ಎಲ್ಲವನ್ನೂ ಗಮನಿಸಿದ್ದನೆಂದು ಕಾಣುತ್ತದೆ. ಎತ್ತುಗಳು ಶೃಂಗಾರವಾದ ಮೇಲೆ, "ಸಾಲಿ ಮುಂದ ಹಾದ ಅಗಸಿಗೆ ಹೋಗೂಣು, ನಡಿ" ಎಂದ. ಅದು ಸುತ್ತುದಾರಿ. ಅವ್ವ ಏನೋ ಅನ್ನುವಷ್ಟರಲ್ಲಿ ನಾವು ಓಣಿ ದಾಟಿದ್ದೆವು.

ಕರಿಹಲಗೆಯ ಮೇಲೆ ಇತ್ತು! ಯಾರೋ ಮಹನೀಯರ ಹೆಸರು, ಅಲ್ಪವಿರಾಮ, "ಗಂಗವ್ವ, ನಾಲ್ಕನೇ ಇಯತ್ತೆ". ಕೆಳಗೆ ದುಂಡಗೆ "ಕಾರ ಹುಣ್ಣಿಮೆ".

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. "ಇದರಾಗ ನೀ ಯಾವಾಕಿ?" ಎಂದು ಕೇಳಿದ. ತೋರಿಸಿದೆ. ಅಕ್ಷರದ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಬೆರಳಿಗೆ ಹತ್ತಿದ ಬಿಳಿಯನ್ನು ವಿಭೂತಿಯಂತೆ ಸರ್ಜ್ಯಾನ ಹಣೆಗೆ ಹಚ್ಚಿದ.

"ಹೊಡಿ ಗಂಗಿ" ಎಂದರು ಅಕ್ಕೋರು. ಎರಡೂ ಕೈಯಲ್ಲಿ ಗೂಟ ಹಿಡಿದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಢಣ್!

ಎತ್ತುಗಳು ಬೆಚ್ಚಿ ಕಿತ್ತುಕೊಂಡವು ನೋಡಿ! ಅಪ್ಪನ ಕೈಯಿಂದ ಹಗ್ಗ ಜಾರಿತು. ಸರ್ಜ್ಯಾ, ಮಾಣಿಕ ಇಬ್ಬರೂ ಗೆಜ್ಜೆ ಝಣಗುಡುತ್ತ ಸೀದಾ ಅಗಸಿಯ ಕಡೆ! ನಮ್ಮಲ್ಲಿ ಅವತ್ತು ಊರಬಾಗಿಲಾದ ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಸೂರ್ಯ ಮುಳುಗುವಾಗ ಎತ್ತುಗಳನ್ನು ಓಡಿಸಿ ಅದನ್ನು ಹರಿಸುವುದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಶಿವಪ್ಪಜ್ಜ ಇನ್ನೂ ಕಲ್ಲು ಹತ್ತಿ ಆ ಹಗ್ಗ ಕಟ್ಟುತ್ತಿದ್ದ.

"ಏ! ಇನ್ನೂ ಗಂಟ ಹಾಕಿಲ್ಲೋ! ಹಿಡೀರೋ!"

ಹಿಡಿಯುವವರು ಯಾರು? ಹಗ್ಗ, ಸೊಪ್ಪು ಎಲ್ಲವನ್ನೂ ಕೋಡಿಗೆ ಸುತ್ತಿಕೊಂಡು ನಮ್ಮ ಜೋಡಿ ಅಗಸಿ ದಾಟಿತು. ಪೋಣಿಸಿದ ಕೋಡಬಳೆ ದಾರಿಯ ತುಂಬ ಚೆಲ್ಲಿದವು. ಉಡಿಯಲ್ಲಿ ಅವನ್ನು ಆರಿಸಿಕೊಳ್ಳುತ್ತಿದ್ದವರಲ್ಲಿ ಮೊದಲಿನವಳು ಜೈಬು.

"ಯಾರವಲೇ ಅವು ಎತ್ತು?" ಅಜ್ಜ ಚೀರಿದ.

"ಎತ್ತಲ್ಲೋ ಅಜ್ಜಾ, ಅದು ಗಂಗಿ ಹುಟ್ಟಿದ ದಿನಾ! ಓಡಿ ಹೊಂಟೈತಿ!" ಎಂದು ಹುಡುಗರು ಕೂಗಿದರು.

ಅಜ್ಜನಿಗೂ ನಗು ಬಂತು. ಹಗ್ಗ ಮತ್ತೆ ಕಟ್ಟಿದರು, ಸಂಜೆ ಗೌಡರ ಎತ್ತು ಕರಿ ಹರಿಯಿತು. ಆದರೆ ಅಪ್ಪ ಬದುಕಿರುವ ತನಕ, ಆ ವರ್ಷ ಮೊದಲು ಹರಿದದ್ದು ತನ್ನ ಜೋಡಿಯೇ ಎಂದು ವಾದ ಮಾಡುತ್ತಿದ್ದ. ಅವನ ಕಡೆ ಸಾಕ್ಷಿಯೂ ಇತ್ತು. ಮರುದಿನ ಶಾಲೆಗೆ ಹೋದಾಗ ಹಲಗೆಯನ್ನು ಒರೆಸಿರಲಿಲ್ಲ. ದೂರ ದೇಶದ ಯಾವುದೋ ಸಂಗತಿಯ ಪಕ್ಕದಲ್ಲಿ, ಈ ದಿನ ನಡೆದದ್ದು ಎಂಬ ಸಾಲಿಗೇ ಅಕ್ಕೋರು ಸೇರಿಸಿದ್ದರು: "ಗಂಗವ್ವ ಗಂಟೆ ಹೊಡೆದಳು, ಹೊತ್ತಿಗೆ ಮೊದಲೇ ಕರಿ ಹರಿಯಿತು."

ಈಗ ಊರಲ್ಲಿ ಎತ್ತಿನ ಜೋಡಿಗಳನ್ನು ಹುಡುಕಬೇಕು. ಕಾರ ಹುಣ್ಣಿಮೆಗೆ ಟ್ರ್ಯಾಕ್ಟರ್ ತೊಳೆದು ಚೆಂಡುಹೂ ಹಾಕುತ್ತಾರೆ. ಹಳಿಯ ತುಂಡು ಎಲ್ಲಿ ಹೋಯಿತೋ, ಶಾಲೆಯಲ್ಲಿ ಕರೆಂಟಿನ ಗಂಟೆ. ಲೋಕದಲ್ಲಿ ಯಾವತ್ತು ಯಾರು ಹುಟ್ಟಿದರೆಂದು ಅಳಿಯನ ಮೊಬೈಲು ಹೇಳುತ್ತದೆ. ಅಲ್ಪವಿರಾಮ ಹಾಕಿ ನಮ್ಮವರ ಹೆಸರು ಸೇರಿಸುವ ಅಕ್ಕೋರು ಅದರೊಳಗಿಲ್ಲ.

ಇಲ್ಲದಿದ್ದರೆ ಏನಾಯಿತು, ನಾನಿದ್ದೇನೆ! ಕೂಸು ಆಸ್ಪತ್ರೆಯಿಂದ ಅಂಬೇವಾಡಿಯ ಮಗಳ ಮನೆಗೆ ಬಂದ ದಿನ ಕೋಡಬಳೆ ಕರಿದೆ. "ಎತ್ತ ಎಲ್ಲಿ ಅದಾವ ಬೇ ಅವ್ವಾ?" ಎಂದು ಶಾಂತಾ ನಕ್ಕಳು. ಪೋಣಿಸಿ ತೊಟ್ಟಿಲಿನ ಹಗ್ಗಕ್ಕೆ ಕಟ್ಟಿದೆ. ಅಳಿಯನಿಂದ ಖಡು ತರಿಸಿ ಬಾಗಿಲ ಹಿಂದೆ ಮೂರು ಸಾಲು ಬರೆದೆ. ಹುಟ್ಟಿದವರು: ಕ್ರಿಕೆಟ್ ಆಡುವವ, ಸಿನಿಮಾದಾಕೆ, ನಮ್ಮ ಕೂಸು. ಆಚರಣೆ: ಕಾರ ಹುಣ್ಣಿಮೆ. ನಡೆದದ್ದು: ಗಂಗವ್ವ ಅಜ್ಜಿಯಾದಳು.

"ಮುಂದಿನ ವರ್ಷ ಯಾವ ದಿನಾ ಮಾಡೂಣ್ರಿ ಅತ್ತಿ, ತಾರೀಖಿಗೋ ಹುಣ್ಣಿಮಿಗೋ?" ಎಂದು ಅಳಿಯ ಕೇಳಿದರು.

"ಎರಡೂ ದಿನಾ. ಕಡಿಮಿ ಯಾಕ ಮಾಡೂದು?"

ಗಂಟೆಯೊಂದು ಇರಲಿಲ್ಲ. ಸ್ಟೀಲಿನ ತಾಟು ಹಿಡಿದು ಸೌಟಿನಿಂದ ಬಡಿದೆ. ಬೆಚ್ಚಿ ಓಡಲು ಸರ್ಜ್ಯಾ ಇಲ್ಲ, ಮಾಣಿಕ ಇಲ್ಲ. ತೊಟ್ಟಿಲಲ್ಲಿ ಕೂಸು ಬೆಚ್ಚಿತು. ಬಿಗಿಯಾಗಿ ಸುತ್ತಿದ್ದ ಬಟ್ಟೆಯನ್ನು ಒದ್ದು ಬಿಡಿಸಿಕೊಂಡು, ಎರಡೂ ಕಾಲು ಝಾಡಿಸುತ್ತ, ಓಣಿಗೆಲ್ಲ ಕೇಳುವಂತೆ ಕೂಗಿತು.

"ಅವ್ವಾ, ಏನ ಮಾಡಿದಿ ಬೇ!" ಎಂದು ಶಾಂತಾ ಓಡಿ ಬಂದಳು.

"ಹರೀತು ನೋಡವಾ ಕರಿ" ಎಂದೆ.