ಎರಡು ಕೈಗಳ ಕಣ್ಕಟ್ಟು

ಊರಿಗೆಲ್ಲ ಮಾವನಾಗಿದ್ದ ಕಟಿಂಗ್ ಅಂಗಡಿಯವರು ಇಸ್ಪೀಟಿನ ಕಣ್ಕಟ್ಟಿನಲ್ಲಿ ಎತ್ತಿದ ಕೈ. ಗಿರಾಕಿ ಆರಿಸಿದ ಎಲೆಯನ್ನು ಕಟ್ಟಿನೊಳಗೆ ಸೇರಿಸಿ, ಬಲಗೈಯಲ್ಲಿ ಬಾಚಣಿಗೆ ಕುಣಿಸುತ್ತ ಹರಟುತ್ತಿದ್ದರು. ಎಲ್ಲರೂ ಬಾಚಣಿಗೆ ನೋಡುವಾಗ ಎಡಗೈ ಸದ್ದಿಲ್ಲದೆ ಆ ಎಲೆಯನ್ನು ಗಿರಾಕಿಯ ಜೇಬಿಗೆ ಇಳಿಸುತ್ತಿತ್ತು.

ಐವತ್ತೆಂಟಕ್ಕೆ ಆ ಎಡಗೈ ನಡುಗತೊಡಗಿತು. ಬಾಚಣಿಗೆ ಎಷ್ಟು ಕುಣಿದರೂ ಜನರ ಕಣ್ಣು ನಡುಕದ ಮೇಲೆಯೇ.

"ಅದನ್ನೇ ನೋಡ್ಲಿ ಬಿಡೇ, ಇನ್ಮೇಲೆ ಬಲಗೈ ಕಳ್ಳತನ ಕಲಿಯುತ್ತೆ," ಎಂದು ಹೆಂಡತಿಗೆ ಹೇಳಿ, ಎಂಟು ತಿಂಗಳು ಕನ್ನಡಿಯ ಮುಂದೆ ಬೆವರು ಸುರಿಸಿದರು. ಕಲಿತೂಬಿಟ್ಟರು. ಅಷ್ಟರಲ್ಲಿ ಬಲಗೈಗೂ ನಡುಕ ಹಿಡಿಯಿತು.

ಅವರ ಕ್ಷೌರದ ಕತ್ತಿಗೆ ಕೊರಳೊಡ್ಡುವವರಿಲ್ಲದೆ ಅಂಗಡಿ ಮುಚ್ಚಬೇಕಾಯಿತು. ಕೊನೆಯ ದಿನ ಹಳೆಯ ಗಿರಾಕಿ ಅಂಚೆಯವನು ಬಂದು, "ಒಂದ್ಸಲ ತೋರ್ಸಿ ಮಾವ," ಎಂದು ದುಂಬಾಲು ಬಿದ್ದ. ತೋರಿಸಿದರು. ಎಲೆ ಜೇಬು ಮುಟ್ಟುವ ಮೊದಲೇ ನೆಲಕ್ಕೆ ಬಿತ್ತು.

ಅಂಚೆಯವನು ತಟ್ಟನೆ ಬಾಗಿಲ ಕಡೆ ತಿರುಗಿದ. "ಏನ್ ಬಿಸಿಲಪ್ಪಾ ಇವತ್ತು!"

"ಹೂಂ, ಜೋರೇ ಇದೆ," ಎನ್ನುತ್ತ ಮಾವ ಬಗ್ಗಿದರು. ನುಣುಪು ನೆಲಕ್ಕೆ ಅಂಟಿದ ಎಲೆ ಬೆರಳಿಗೆ ಸಿಗಲೇ ಇಲ್ಲ. ಅಂಚೆಯವನು ಬಿಸಿಲನ್ನೇ ನೋಡುತ್ತ ನಿಂತಿದ್ದ.