ಹಿಂದಿನ ಸೀಟಿನಲ್ಲಿ ಮಲಗಿದ ಸಾಹುಕಾರರು

ಸಾಹುಕಾರರು ಚಪ್ಪಲಿ ಕಳಚಿ, ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿಬಿಟ್ಟರು. "ಈಗ ಹೊಡಿ ತಮ್ಮಾ" ಎಂದರು.

ಕಾರು ಮಾರುವುದು ನನ್ನ ಕೆಲಸ. ಒಂದೇ ಮಾದರಿಯ ದುಬಾರಿ ಸೆಡಾನಿನ ಎರಡು ಡೆಮೊ ಕಾರುಗಳನ್ನು ಹುಬ್ಬಳ್ಳಿಯ ಶೋರೂಮಿನಿಂದ ಗಂಗಾವತಿಯ ಅವರ ಅಕ್ಕಿ ಗಿರಣಿಗೆ ತಂದಿದ್ದೆವು. ಒಂದರದು ಸಾಧಾರಣ ಎಂಜಿನ್, ಇನ್ನೊಂದರದು ಭಾರಿ ಶಕ್ತಿಯದು. ಗಿರಣಿ ಮಾಲೀಕರು ದೊಡ್ಡ ಎಂಜಿನ್ನಿನದನ್ನೇ ಕೊಳ್ಳುತ್ತಾರೆಂದುಕೊಂಡು, ಕೊಪ್ಪಳ ರಸ್ತೆಗೆ ಬಂದೊಡನೆ ಅದರ ಆಕ್ಸಿಲರೇಟರ್ ಒತ್ತಿದೆ. ಕಾರು ಚಿಮ್ಮಿತು. ಹಿಂದೆ ಮಲಗಿದ್ದವರು ಸೀಟಿಗೆ ಬಡಿದುಕೊಂಡು "ಯಪ್ಪಾ" ಎಂದರು.

ಮರಳಿ ಬಂದು ಸಾಧಾರಣ ಕಾರಿನಲ್ಲೂ ಹಾಗೆಯೇ ಮಲಗಿದರು. ಅದು ಮೆಲ್ಲಗೆ ವೇಗ ಹಿಡಿಯಿತು. "ಇದ ಇರ್ಲಿ" ಎಂದರು.

ನಾನು ಬಿಡಲಿಲ್ಲ. "ದೊಡ್ಡದು ತಗೋರಿ ಸಾಹುಕಾರ್ರ, ಹುಬ್ಬಳ್ಳಿ ಭಾಳ ಜಲ್ದಿ ಮುಟ್ತೀರಿ."

ಅವರು ಎದ್ದು ಕೂತು, ಕಾಲಿನಿಂದ ಚಪ್ಪಲಿ ತಡಕಿದರು. "ಹುಬ್ಬಳ್ಳಿ ದವಾಖಾನಿ ಮುಗೀತು ತಮ್ಮಾ. ನಮ್ಮಾಕಿಗೆ ಇನ್ನ ಔಷಧ ನಾಟೂದಿಲ್ಲ ಅಂದಾರ ಡಾಕ್ಟ್ರು. ತಾವರಗೇರಾದಾಗ ತನ್ನ ತವರಮನಿ ಒಮ್ಮೆ ನೋಡಬೇಕಂತಾಳ, ಆಂಬುಲೆನ್ಸ್ ಮಾತ್ರ ಬ್ಯಾಡಂತಾಳ. ಮಲಗಿ ಹೋಗಾಕಿಗೆ ನೋವಾಗದಿದ್ರ ಸಾಕು."

ಹೊಸ ಕಾರು ಬರಲು ತಿಂಗಳು ಹಿಡಿಯಿತು. ನಾವು ಅದನ್ನು ಮುಟ್ಟಿಸಲು ಹೋದಾಗ ಗಿರಣಿ ಮುಚ್ಚಿತ್ತು. ಸಾಹುಕಾರರ ಹೆಂಡತಿ ಹಿಂದಿನ ವಾರವಷ್ಟೇ ತೀರಿಕೊಂಡಿದ್ದರು. ಸಾಹುಕಾರರು ಕಾರಿನ ಹಿಂಬಾಗಿಲು ತೆಗೆದು, ಸೀಟನ್ನು ಒಮ್ಮೆ ಸವರಿ, ಸದ್ದಾಗದಂತೆ ಮುಚ್ಚಿದರು. ಚಕ್ರದಡಿ ಇಡಲೆಂದು ತಂದಿದ್ದ ನಿಂಬೆಹಣ್ಣುಗಳು ನನ್ನ ಜೇಬಿನಲ್ಲೇ ಉಳಿದವು.